ಕುರ್ಚಿಯಲ್ಲಿ ಕೂಡದ ಅಕ್ಕೋರು

ನಮ್ಮ ಅತ್ತೆ ಅಕ್ಕಮ್ಮ ತೀರಿಕೊಂಡು ವರ್ಷವಾಯಿತು. ಕನ್ನಡ ಸಂಘದವರು ಈ ಸಲದ ಸಂಚಿಕೆಗೆ ಅವರ ಬಗ್ಗೆ ಬರೆದುಕೊಡಿ ಎಂದು ಫೋನು ಮಾಡಿದರು. ಸಿಹಿಯಾಗಿರಲಿ ಎಂದರು. ಸಿಹಿ ನನಗೆ ಬರುವುದಿಲ್ಲ. ಅವರಿಗೆ ಮಣ್ಣು ಕೊಟ್ಟ ಶನಿವಾರ ಸಭೆಯ ಹಾಲ್‌ನಲ್ಲಿ ಎಲ್ಲರೂ ಬೇಕಾದಷ್ಟು ಸಿಹಿ ಬಡಿಸಿದ್ದಾರೆ. ನಡೆದದ್ದನ್ನು ಬರೆಯುತ್ತೇನೆ. ಹಾಕುವುದಾದರೆ ಹಾಕಿ, ಬಿಡುವುದಾದರೆ ಬಿಡಿ.

ಅತ್ತೆ ಹುಟ್ಟಿದ್ದು ರೋಣದ ಕಡೆಯ ಹಳ್ಳಿಯಲ್ಲಿ. ಹದಿನಾರಕ್ಕೆ ಮದುವೆ, ಇಪ್ಪತ್ತಾರಕ್ಕೆ ಗಂಡ ಸತ್ತ. ಇಬ್ಬರು ಗಂಡು ಮಕ್ಕಳು. ದೊಡ್ಡವರು ಶಿವಾನಂದ, ನನ್ನ ಭಾವ. ಸಣ್ಣವರು ಈಶ್ವರಪ್ಪ, ನನ್ನ ಯಜಮಾನರು. ಆಗ ಅವರಿನ್ನೂ ಮೊಲೆ ಕುಡಿಯುವ ಕೂಸು. ಮಕ್ಕಳನ್ನು ತವರಿನಲ್ಲಿ ಬಿಟ್ಟು ಅತ್ತೆ ಧಾರವಾಡಕ್ಕೆ ಹೋಗಿ ಮಾಸ್ತರಿಕೆ ಕಲಿತು ಬಂದರು. ಸಾಲೆ ಕಲಿಸುವ ಹೆಂಗಸನ್ನು ನಮ್ಮ ಕಡೆ ಅಕ್ಕೋರು ಅನ್ನುತ್ತಾರೆ. ಸಾಯುವ ತನಕ ಅವರಿಗೆ ಅದೇ ಹೆಸರು.

ಮೊದಲ ಸಾಲೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ. ಅಲ್ಲಿ ಒಂದೇ ಕುರ್ಚಿ. ಹೋದ ದಿನವೇ ಊರ ಹಿರಿಯನೊಬ್ಬ ಬಂದು, “ಗಂಡ ಸತ್ತಾಕಿ ಗಂಡಸರ ಮುಂದ ಕುರ್ಚಿ ಮ್ಯಾಲ ಕುಂದರ್ತಾಳೇನು?” ಎಂದು ಕೇಳಿದನಂತೆ.

“ಇಲ್ಲರೀ ಯಪ್ಪಾ, ಕುಂದ್ರಂಗಿಲ್ಲ” ಅಂದರು ಅತ್ತೆ. ಕುರ್ಚಿಯನ್ನು ಎತ್ತಿ ಹುಡುಗರ ನಡುವೆ ಇಟ್ಟರು. “ಈ ಸಾಲು ಯಾರು ಮೊದಲ ಓದತಾರ, ಅವರು ಇದರಾಗ ಕುಂದರ್ರಿ.”

ಮೊದಲು ಓದಿದವನು ಹೊಲಗೇರಿಯ ಹುಡುಗ ದ್ಯಾಮಣ್ಣ. ಓಡಿ ಬಂದು ಕೂತ. ಹಿರಿಯನ ಮುಖ ಕಪ್ಪಿಟ್ಟಿತು. “ಎಬ್ಬಸ್ರಿ ಅವನ್ನ” ಎಂದು ಕೂಗಿದ. ಅತ್ತೆ, “ನಿಮ್ಮ ಮೊಮ್ಮಗ ಓದಲಿ, ಇವ ತಾನ ಏಳತಾನ” ಅಂದರು.

ಅವತ್ತಿನಿಂದ ಅದೇ ಪದ್ಧತಿ. ಓದಿದವರು ಕೂಡಬೇಕು. ಇನ್ನೊಬ್ಬರು ಓದಿದರೆ ಕೂತವರು ಏಳಬೇಕು. ಅತ್ತೆ ಕೂತವರ ಕಡೆ ನೋಡಿ, “ಆತು, ಏಳಿನ್ನ” ಅನ್ನುತ್ತಿದ್ದರು. ಅದು ಬೈಗುಳವಲ್ಲ. ನಿನ್ನ ಪಾಳಿ ಮುಗಿಯಿತು, ಇನ್ನೊಬ್ಬರಿಗೆ ಬಿಡು ಎಂದು ಅರ್ಥ. ತಾವು ಮಾತ್ರ ನೌಕರಿ ಇರುವ ತನಕ ನಿಂತೇ ಕಲಿಸಿದರು. ಹೆಡ್ ಮಾಸ್ತರಿಕೆ ಬಂದ ಮೇಲೂ ಕೂಡಲಿಲ್ಲ.

ಭಾವ ಸಣ್ಣವರಿದ್ದಾಗ ಅದೇ ಸಾಲೆಯಲ್ಲಿ ಓದಿದ್ದು. “ನಮ್ಮ ಶಿವ್ಯಾ ಭಾಳ ಶಾಣ್ಯಾ, ದಿನಾ ಅವಂದ ಕುರ್ಚಿ” ಅನ್ನುತ್ತಿದ್ದರು ಅತ್ತೆ. ಆಮೇಲೆ ನಗುತ್ತಿದ್ದರು. “ಕುಂತು ಕುಂತು ಕುಂಡಿಗೆ ಹತ್ತಿ ಬಿಟ್ಟೇತಿ.” ನನ್ನ ಯಜಮಾನರಿಗೆ ಆ ಕುರ್ಚಿ ಸಿಕ್ಕದ್ದು ಕಡಿಮೆ.

ನಾನು ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು. ಈ ಮನೆಗೆ ಸೊಸೆಯಾಗಿ ಬಂದಾಗ ಬಸ್ಸಿನ ಬೋರ್ಡು ಓದಲು ಬರುತ್ತಿರಲಿಲ್ಲ. ಅತ್ತೆ ರೊಟ್ಟಿ ಬಡಿಯುವಾಗ ಹಿಟ್ಟಿನ ಮೇಲೆ ಬೆರಳಿನಿಂದ ಬರೆದು ತೋರಿಸಿದರು. ಬರೆದು, ಓದಿಸಿ, ಅದೇ ಹಿಟ್ಟನ್ನು ನಾದಿ ರೊಟ್ಟಿ ಮಾಡುತ್ತಿದ್ದರು. ನಾನು ಒಂದು ಪುಟ ತಡೆಯದೆ ಓದಿದ ದಿನ ಹಿತ್ತಲಿನಿಂದ ಸ್ಟೂಲು ತಂದು ನನ್ನನ್ನು ಅದರ ಮೇಲೆ ಕೂಡಿಸಿದರು. ತಾವು ನಿಂತು ನನಗೆ ಬಡಿಸಿದರು. ಅತ್ತೆ ನಿಂತು ಸೊಸೆ ಉಣ್ಣುವುದನ್ನು ಓಣಿಯವರು ಬಂದು ನೋಡಿ ಹೋದರು.

ಭಾವ ಡಾಕ್ಟರಾಗಿ ಕೆನಡಾಕ್ಕೆ ಬಂದು, ಟೊರಾಂಟೊ ಪಕ್ಕದ ಥಾರ್ನ್‌ಹಿಲ್‌ನಲ್ಲಿ ದೊಡ್ಡ ಮನೆ ಮಾಡಿ, ಆಮೇಲೆ ನಮ್ಮನ್ನೂ ಅತ್ತೆಯನ್ನೂ ಕರೆಸಿಕೊಂಡರು. ಆ ಉಪಕಾರ ಇಲ್ಲ ಅನ್ನುವುದಿಲ್ಲ. ಆದರೆ ಅತ್ತೆ ಆ ಮನೆಯಲ್ಲಿ ಬಹಳ ದಿನ ಇರಲಿಲ್ಲ. ರೊಟ್ಟಿಯ ಹೊಗೆಗೆ ಅಲಾರ್ಮು ಹೊಡೆದುಕೊಳ್ಳುತ್ತದೆ, ವಿಭೂತಿ ಸೋಫಾಕ್ಕೆ ಹತ್ತುತ್ತದೆ ಎಂದು ನನ್ನ ನೆಗೆಣ್ಣಿ, ಭಾವನ ಹೆಂಡತಿ ಊರ್ಮಿಳಾ ದಿನಾ ಹೇಳುತ್ತಿದ್ದರು. ಒಂದು ದಿನ ಅತ್ತೆ ಚೀಲ ಹಿಡಿದು ವುಡ್‌ಬ್ರಿಡ್ಜ್‌ನ ನಮ್ಮ ಬಾಡಿಗೆ ಮನೆಗೆ ಬಂದುಬಿಟ್ಟರು.

ಎರಡು ಸಾವಿರದ ಎಂಟರಲ್ಲಿ ನಮ್ಮ ಬೇಸ್‌ಮೆಂಟಿನಲ್ಲಿ ಶನಿವಾರದ ಕನ್ನಡ ಕ್ಲಾಸು ಶುರುವಾಯಿತು. ಅತ್ತೆಗೆ ಎಂಬತ್ತರ ಮೇಲೆ. ಯಜಮಾನರು ಬೋಲ್ಟನ್‌ನ ವೇರ್‌ಹೌಸಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದರು. ಯಾರೋ ರಸ್ತೆಗೆ ಹಾಕಿದ್ದ ಕಾಲು ಮುರಿದ ಕುರ್ಚಿ ತಂದು ರಿಪೇರಿ ಮಾಡಿಕೊಟ್ಟರು. ಮಕ್ಕಳು ಕಾರ್ಪೆಟ್ ಮೇಲೆ. ಓದಿದವರು ಕುರ್ಚಿಯಲ್ಲಿ. ಅತ್ತೆ ಗೋಡೆ ಹಿಡಿದು ನಿಂತು. ಇಲ್ಲಿ ಹುಟ್ಟಿದ ಆ ಮಕ್ಕಳಿಗೆ ಬೇರೆ ಏನು ಬಂತೋ ಬಿಟ್ಟಿತೋ, “ಆತು, ಏಳಿನ್ನ” ಅಂದರೆ ಟಣ್ಣನೆ ಎದ್ದು ನಿಲ್ಲುವುದು ಮಾತ್ರ ಚೆನ್ನಾಗಿ ಬಂತು.

ಸಂಘದ ಅಧ್ಯಕ್ಷರು ಶ್ರೀನಾಥ್, ಬೆಂಗಳೂರಿನವರು, ಒಮ್ಮೆ ನೋಡಲು ಬಂದರು. “ಮೇಡಂ, ಮಕ್ಕಳಿಗೆ ಸ್ವಲ್ಪ ಬೆಂಗಳೂರು ಕಡೆ ಕನ್ನಡ ಹೇಳ್ಕೊಟ್ರೆ ಚೆನ್ನಾಗಿರುತ್ತೆ, ಪೇರೆಂಟ್ಸ್ ಕೇಳ್ತಿದಾರೆ” ಅಂದರು.

“ಅದು ಈಗ ಬೆಂಗಳೂರಾಗ ಸಿಗವಲ್ದಂತ. ನಾ ಎಲ್ಲಿಂದ ತರಲಿ ತಮ್ಮಾ?” ಅಂದರು ಅತ್ತೆ.

ಅವರು ಚಹಾ ಕುಡಿದು ಹೋದರು. ಮತ್ತೆ ಬೇಸ್‌ಮೆಂಟಿಗೆ ಇಳಿಯಲಿಲ್ಲ.

ಎರಡು ಸಾವಿರದ ಹನ್ನೊಂದರಲ್ಲಿ ಯಜಮಾನರು ಶಿಫ್ಟಲ್ಲಿ ಎದೆ ಹಿಡಿದುಕೊಂಡು ಬಿದ್ದರು. ಮತ್ತೆ ಏಳಲಿಲ್ಲ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕಾಲು ಮಡಿಸಿ, ಕೂಡಿಸಿ, ಕೊರಳಿನ ಲಿಂಗವನ್ನು ಎಡಗೈಯಲ್ಲಿಟ್ಟು, ಕೂತ ಹಾಗೆಯೇ ಮಣ್ಣು ಕೊಡುತ್ತೇವೆ. ನನಗೆ ಆಗ ಮೈಮೇಲೆ ಖಬರಿರಲಿಲ್ಲ. ಭಾವ ಬಂದು, “ಈ ದೇಶದಾಗ ಅದೆಲ್ಲಾ ಆಗಂಗಿಲ್ಲ, ನಿಂಗವ್ವ. ಅಲೌ ಮಾಡಂಗಿಲ್ಲ” ಅಂದರು. ಓದಿದವರು, ಡಾಕ್ಟರು, ನಂಬಿದೆ. ಸುಡುವ ಯಂತ್ರದ ಗುಂಡಿಯನ್ನು ಅವರೇ ಒತ್ತಿದರು. ನನ್ನ ಗಂಡ ಬಿಸ್ಕೀಟಿನ ಡಬ್ಬಿಯಂಥ ಡಬ್ಬಿಯಲ್ಲಿ ವಾಪಸು ಬಂದರು.

ಮಗ ಹೋದದ್ದಕ್ಕೆ ಅತ್ತೆ ಅಳುವುದನ್ನು ನಾನು ನೋಡಲಿಲ್ಲ. ಆ ಡಬ್ಬಿಯನ್ನು ನೋಡಿ ಅತ್ತರು. ಆಮೇಲೆ ನನ್ನ ಕೈ ಹಿಡಿದುಕೊಂಡು, “ನನ್ನ ಸುಡಾಕ ಬಿಡಬ್ಯಾಡವಾ. ಜೀವಮಾನ ನಿಂತೀನಿ. ನನ್ನ ಪಾಳಿ ಬಂದಾಗ ಕುಂದ್ರಿಸು” ಅಂದರು. ಈ ಮಾತನ್ನು ಮೊದಲು ಯಜಮಾನರಿಂದ ತೆಗೆದುಕೊಂಡಿದ್ದರಂತೆ. ಈಗ ಅದು ನನ್ನ ಪಾಲಿಗೆ ಬಂತು. ಆಗಲಿ ಅತ್ತೀ ಅಂದೆ.

ಎರಡು ಸಾವಿರದ ಹದಿಮೂರು, ನವೆಂಬರ್. ಬೆಳಿಗ್ಗೆ ಚಹಾ ಒಯ್ದರೆ ಅತ್ತೆ ಹೋಗಿಬಿಟ್ಟಿದ್ದರು. ಮೈ ಇನ್ನೂ ಬಿಸಿಯಿತ್ತು. ಹೆಣ ಸೆಟೆಯುವ ಮೊದಲೇ ಕಾಲು ಮಡಿಸಬೇಕು, ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ನಾನು ಅಳುತ್ತಾ ಕೂಡಲಿಲ್ಲ. ಮುಖ ಒರೆಸಿದೆ. ಪದ್ಮಾಸನ ಹಾಕಿಸಿ ಗೋಡೆಗೆ ಒರಗಿಸಿ, ಎರಡೂ ಕಡೆ ದಿಂಬು ಕೊಟ್ಟು, ನನ್ನ ಹಳೆಯ ಸೀರೆಯಿಂದ ಎದೆಗೆ ಸುತ್ತಿ ಕಪಾಟಿನ ಹಿಡಿಗೆ ಕಟ್ಟಿದೆ. ವಿಭೂತಿ ಹಚ್ಚಿ, ಲಿಂಗ ಅಂಗೈಯಲ್ಲಿಟ್ಟೆ. ಚೆನ್ನಾಗಿ ಕೂತಿದ್ದರು. ಆಮೇಲೆ ಭಾವನಿಗೆ ಫೋನು ಮಾಡಿದೆ. “ನೈನ್ ವನ್ ವನ್ ಮಾಡು, ನಾ ಬರ್ತೀನಿ” ಅಂದರು. ಮಾಡಿದೆ.

ಆಂಬುಲೆನ್ಸಿನವರು ಬಂದರು, ಹಿಂದೆಯೇ ಪೊಲೀಸರು. ಸತ್ತವಳು ಕೂತಿದ್ದಾಳೆ, ಕಪಾಟಿಗೆ ಕಟ್ಟಿದೆ. ಅವರಿಗೆ ಗಾಬರಿ. ಯಾರು ಮುಟ್ಟಿದ್ದು ಎಂದು ಕೇಳಿದರು. “ಮೀ. ಶೀ ವಾಂಟ್ ಸಿಟ್” ಅಂದೆ. ನನ್ನ ಇಂಗ್ಲಿಷು ಅಷ್ಟೇ. ಪೊಲೀಸು ಹುಡುಗಿ ನನ್ನ ಎರಡೂ ಕೈ ನೋಡಿದಳು.

ಭಾವ ಬರುವ ಹೊತ್ತಿಗೆ ಮಧ್ಯಾಹ್ನ, ಪೊಲೀಸರು ಇನ್ನೂ ಇದ್ದರು. ತಾಯಿಯ ಮುಖ ನೋಡಲಿಲ್ಲ, ಪೊಲೀಸರ ಮುಖ ನೋಡಿದರು. ಈಕೆ ಓದಿಲ್ಲ, ಹಳ್ಳಿಯವಳು, ಇದೆಲ್ಲ ಮೂಢನಂಬಿಕೆ, ಕ್ಷಮಿಸಿ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅಷ್ಟು ಇಂಗ್ಲಿಷು ನನಗೆ ತಿಳಿಯುತ್ತದೆ. ಆಮೇಲೆ ಸೀರೆ ಬಿಚ್ಚಿ, ತಾಯಿಯನ್ನು ಹಾಸಿಗೆಯ ಮೇಲೆ ಚಾಚಿದರು. ಕಾಲು ಆಗಲೇ ಬಿಗಿದಿತ್ತು. ಎರಡೂ ಮಂಡಿಗಳ ಮೇಲೆ ಅಂಗೈಯಿಟ್ಟು ಒತ್ತಿದರು. ಲಟಕ್ಕೆಂದು ಸದ್ದಾಯಿತು. ಅಂಗೈಯಿಂದ ಲಿಂಗ ಜಾರಿ ಕಾರ್ಪೆಟ್ ಮೇಲೆ ಉರುಳಿತು. ಅವರು ನೋಡಲಿಲ್ಲ. ನಾನು ಎತ್ತಿಕೊಂಡು ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ.

ಮರುದಿನ ಥಾರ್ನ್‌ಹಿಲ್‌ನಲ್ಲಿ ಮಾತು. ಸಭೆಗೆ ಹಾಲ್ ಸಿಗುವುದು ಮುಂದಿನ ಶನಿವಾರವಂತೆ. ಅಲ್ಲಿಯ ತನಕ ಅತ್ತೆ ಫ್ಯೂನರಲ್ ಹೋಮಿನ ಫ್ರಿಜ್ಜಿನಲ್ಲಿ. ಬೆಳಿಗ್ಗೆ ಸುಡುವುದು, ಮಧ್ಯಾಹ್ನ ಸಭೆ, ಊಟ. ಸಭೆಯಲ್ಲಿ ನಾನೂ ಎರಡು ಮಾತು ಆಡಬೇಕಂತೆ.

“ಅತ್ತಿಯವರು ಸುಡಬ್ಯಾಡ ಅಂದಾರ, ಭಾವಾರ. ಕುಂದ್ರಿಸಿ ಮಣ್ಣ ಮಾಡ್ರಿ ಅಂದಾರ.”

“ನಿಂಗವ್ವ, ಬಿ ಪ್ರ್ಯಾಕ್ಟಿಕಲ್. ಅಲೌ ಮಾಡಂಗಿಲ್ಲ ಅಂತ ಆವಾಗ ಹೇಳಿನಲ್ಲ?”

ಊರ್ಮಿಳಾ ಅಕ್ಕ ಒಳಗಿನಿಂದ, “ಡಬ್ಬಿಯೊಳಗ ಕುಂದ್ರಿಸಿದ್ರ ಏನ್ ಚಂದ ಕಾಣತದವಾ? ನಮ್ಮ ಫ್ರೆಂಡ್ಸು, ಇವರ ಹಾಸ್ಪಿಟಲ್ಲಿನ ಡಾಕ್ಟರ್ಸು ಎಲ್ಲಾ ಬರ್ತಾರ. ಹೆದರಿಕೊಂಡು ಓಡಿ ಹೋಗಬೇಕೇನು?” ಅಂದರು.

ಅವರ ಮಗಳು ಮಹಿಮಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಇಲ್ಲೇ ಹುಟ್ಟಿದವಳು. ನನ್ನನ್ನು ಮನೆಗೆ ಬಿಡುತ್ತೇನೆ ಎಂದು ಕಾರಿನಲ್ಲಿ ಕೂಡಿಸಿಕೊಂಡಳು. “ಚಿಕ್ಕಮ್ಮ, ಡಿಡ್ ಎನಿವನ್ ಆ್ಯಕ್ಚುಲಿ ಆಸ್ಕ್ ದೆಮ್?” ಅಂದಳು. ಮಣ್ಣು ಮಾಡುವವರನ್ನೇ ಯಾರಾದರೂ ಕೇಳಿದ್ದಾರೆಯೇ ಎಂದು. ಮನೆಗೆ ಹೋಗಲಿಲ್ಲ. ನೇರ ಫ್ಯೂನರಲ್ ಹೋಮಿಗೆ ಹೋದೆವು.

ಅದರ ಯಜಮಾನ ಇಟಲಿಯ ಮುದುಕ. ನಾನು ನೆಲದ ಮೇಲೆ ಪದ್ಮಾಸನ ಹಾಕಿ ತೋರಿಸಿದೆ. ಮಹಿಮಾ ಹೇಳಿದಳು. ಅವನು ಗಲ್ಲ ಕೆರೆದುಕೊಂಡ. ಸ್ಮಶಾನಕ್ಕೆ ಫೋನು ಮಾಡಿದ. ಆಮೇಲೆ ಹೇಳಿದ್ದನ್ನು ಮಹಿಮಾ ಕನ್ನಡದಲ್ಲಿ ನನಗೆ ಹೇಳಿದಳು: “ಆಗತ್ತೆ, ಚಿಕ್ಕಮ್ಮ. ಬಾಕ್ಸ್ ಎತ್ತರ ಮಾಡಬೇಕು. ಡೀಪ್ ಅಗೀಬೇಕು. ಸೆಟೆದಿರೋದು ಒಂದೆರಡು ದಿನಕ್ಕೆ ಬಿಡತ್ತಂತೆ, ಆಮೇಲೆ ಕೂರಿಸಬಹುದಂತೆ. ಆದ್ರೆ ಡ್ಯಾಡ್ ಸೈನ್ ಮಾಡಬೇಕು.”

“ಎರಡು ವರ್ಷದ ಹಿಂದನೂ ಆಗತಿತ್ತೇನು, ಕೇಳು.”

ಅವಳು ಕೇಳಿದಳು. ಅವನು ಭುಜ ಹಾರಿಸಿದ. ಆಗುತ್ತಿತ್ತು. ಯಾಕೆ ಆಗುವುದಿಲ್ಲ?

ಹಾಗಾದರೆ ಭಾವ ಯಾರನ್ನೂ ಕೇಳಿಯೇ ಇರಲಿಲ್ಲ. ಆಗುವುದಿಲ್ಲ ಅಂದುಬಿಟ್ಟರು, ನನ್ನ ಗಂಡನನ್ನು ಸುಟ್ಟುಬಿಟ್ಟರು. ಆ ದಿನದಿಂದ ಆ ಮನುಷ್ಯನ ಕೈ ನೋಡಿದರೆ ನನಗೆ ಹೇಸಿಕೆ. ಅದೇ ಕೈ ಗುಂಡಿ ಒತ್ತಿದ್ದು. ಅದೇ ಕೈ ಮಂಡಿ ಒತ್ತಿದ್ದು.

ಮತ್ತೆ ಥಾರ್ನ್‌ಹಿಲ್‌ಗೆ ಹೋಗಿ, “ಆಗತೈತಂತ. ನಿಮ್ಮ ಸಹಿ ಬೇಕಂತ” ಅಂದೆ.

“ಯಾರು ನಿನ್ನ ಕೇಳಾಕ ಹೋಗು ಅಂದವ್ರು? ನಾ ಹಿರಿಮಗ. ಸಹಿ ಮಾಡಂಗಿಲ್ಲ. ಮುಗೀತು.”

“ಮುಗದಿಲ್ಲ. ಸಭಾದಾಗ ಎರಡ ಮಾತ ಆಡು ಅಂದೀರಲ್ಲ, ಅಲ್ಲೆ ಹೇಳ್ತೀನಿ. ನಿಮ್ಮವ್ವ ಏನ ಕೇಳಿದ್ರು, ನೀವೇನ ಮಾಡಿದ್ರಿ, ಎಲ್ಲಾ.”

“ಧಮಕಿ ಹಾಕತೀಯೇನು?” ಅವರ ಕುತ್ತಿಗೆ ಕೆಂಪಾಯಿತು.

ನನ್ನ ಮಾತಿಗೆ ಅವರು ಸಹಿ ಮಾಡುತ್ತಿರಲಿಲ್ಲ. ನನಗೆ ಹೆದರುವ ಜಾತಿಯವರಲ್ಲ. ಆ ಹೊತ್ತಿಗೆ ಶ್ರೀನಾಥ್ ಬಂದರು, ಸಭೆಯ ಏರ್ಪಾಡು ಮಾತಾಡಲು. ಏನು ಸಾರ್ ಗಲಾಟೆ ಎಂದು ಕೇಳಿದರು. ಮಹಿಮಾ ಹೇಳಿಬಿಟ್ಟಳು. ಶ್ರೀನಾಥ್ ಕಣ್ಣು ಅಗಲ ಮಾಡಿದರು.

“ವಾಹ್! ಕೂತ್ಕೊಂಡೇ ಸಮಾಧೀನಾ? ಎಂಥಾ ಟ್ರೆಡಿಷನ್ ಸಾರ್! ಟೊರಾಂಟೊದಲ್ಲಿ ಯಾರೂ ಮಾಡಿಲ್ಲ ಅನ್ಸುತ್ತೆ. ನೀವೇ ಫಸ್ಟು. ನಮ್ಮವರು ವಿಡಿಯೊ ಮಾಡ್ತಾರೆ, ಊರಲ್ಲೂ ನೋಡ್ಲಿ. ಇಂಥ ಮಗ ಸಿಗ್ಬೇಕಲ್ಲ ಸಾರ್ ತಾಯಿಗೆ!”

ಭಾವ ಶ್ರೀನಾಥರನ್ನು ಸೋಫಾದ ಮೇಲೆ ಕೂಡಿಸಿಕೊಂಡರು. ಕುತ್ತಿಗೆಯ ಕೆಂಪು ಇಳಿಯಿತು. “ಹೌದು. ನನ್ನ ಮನಸ್ಸಿನ್ಯಾಗನೂ ಅದ ಇತ್ತು” ಅಂದರು.

ಊರ್ಮಿಳಾ ಅಕ್ಕ ಚಹಾದ ಟ್ರೇ ಹಿಡಿದುಕೊಂಡು, “ನಮ್ಮತ್ತಿಯವರಿಗೆ ಭಾಳ ಆಶಾ ಇತ್ತರೀ” ಅಂದರು. ಅದೇ ಬಾಯಿ.

ನನಗೆ ಬೇಕಾದದ್ದು ಸಿಕ್ಕಿತ್ತು. ಸುಮ್ಮನೆ ಎದ್ದು ಬಂದೆ. ಚಹಾ ಕುಡಿಯಲಿಲ್ಲ.

ಶನಿವಾರ ಬೆಳಿಗ್ಗೆ ಅತ್ತೆ ಕಪಾಟಿನಂಥ ಮರದ ಪೆಟ್ಟಿಗೆಯಲ್ಲಿ ಕೂತಿದ್ದರು, ಮುಂದಿನ ಬಾಗಿಲು ತೆರೆದಿತ್ತು. ಮುದುಕ ಕೆಲಸ ಚೆನ್ನಾಗಿ ಮಾಡಿದ್ದ. ಆದರೆ ಅಲ್ಲಿಯ ಹುಡುಗಿಯರು ಅತ್ತೆಗೆ ಗುಲಾಬಿ ಬಣ್ಣದ ಲಿಪ್‌ಸ್ಟಿಕ್ ಹಚ್ಚಿಬಿಟ್ಟಿದ್ದರು. ಫೋಟೊ ಚೆನ್ನಾಗಿ ಬರುತ್ತದೆ ಎಂದು ಊರ್ಮಿಳಾ ಅಕ್ಕನೇ ಹೇಳಿದ್ದಂತೆ. ನಾನು ಸೆರಗು ಒದ್ದೆ ಮಾಡಿಕೊಂಡು ಒರೆಸಿದೆ. ತುಟಿ ತಣ್ಣಗಿತ್ತು. ಬಣ್ಣ ಪೂರಾ ಹೋಗಲಿಲ್ಲ. ವಿಭೂತಿ ಹಚ್ಚಿದೆ. ಲಿಂಗವನ್ನು ಅಂಗೈಯಲ್ಲಿಟ್ಟು, ಈ ಸಲ ಬೆರಳುಗಳನ್ನು ದಾರದಿಂದ ಕಟ್ಟಿದೆ.

ಜನ ಸಾಲಾಗಿ ಬಂದರು. ಕೈ ಮುಗಿದರು, ಫೋನು ಎತ್ತಿದರು. ಒಬ್ಬಳು ಪೆಟ್ಟಿಗೆಯ ಪಕ್ಕ ನಿಂತು ಸೆರಗು ಸರಿ ಮಾಡಿಕೊಂಡಳು. ವಿಡಿಯೊದವನು ನನಗೆ, “ಆಂಟಿ, ಸ್ವಲ್ಪ ಈ ಕಡೆ ಬನ್ನಿ, ಅಜ್ಜಿ ಕವರ್ ಆಗ್ತಿದಾರೆ” ಅಂದ.

ಬೋಲ್ಟನ್ ರಸ್ತೆಯ ಸ್ಮಶಾನದಲ್ಲಿ ಗಾಳಿಯೋ ಗಾಳಿ. ಮಂತ್ರ ಹೇಳುವ ಅಯ್ಯನವರು ಯಾರೂ ಸಿಕ್ಕಿರಲಿಲ್ಲ. ಶ್ರೀನಾಥ್ ಫೋನಿನಲ್ಲಿ ಭಜನೆ ಹಾಕಿದರು. ಪೆಟ್ಟಿಗೆ ಅರ್ಧ ಇಳಿದಾಗ ಭಜನೆ ನಿಂತು ಶಾಂಪೂವಿನ ಜಾಹೀರಾತು ಬಂತು. ಒಬ್ಬಿಬ್ಬರು ನಕ್ಕರು. ನಾನು, “ಬಂದ್ ಮಾಡ್ರಿ ಅದನ್ನ” ಅಂದೆ. ಉಳಿದದ್ದನ್ನು ನಾನೇ ಬಾಯಿಯಲ್ಲಿ ಓಂ ನಮಃ ಶಿವಾಯ ಅಂದುಕೊಂಡೆ. ಅತ್ತೆ ಕೂತ ಹಾಗೆಯೇ ಇಳಿದರು. ಮಣ್ಣು ಹಾಕಿದೆ. ಕೈ ತೊಳೆಯಲಿಲ್ಲ.

ಮಧ್ಯಾಹ್ನ ಹಾಲ್‌ನಲ್ಲಿ ಸಭೆ. ಗೋಡೆಯ ಮೇಲೆ ಅತ್ತೆಯ ಫೋಟೊಗಳು ಒಂದಾದ ಮೇಲೊಂದು. ಬೇಸ್‌ಮೆಂಟಿಗೆ ಒಮ್ಮೆ ಮಾತ್ರ ಇಳಿದಿದ್ದ ಶ್ರೀನಾಥ್, “ನಮ್ಮ ಅಕ್ಕಮ್ಮ ಟೀಚರ್ ನನಗೆ ತಾಯಿ ಸಮಾನ” ಅಂದರು. ಭಾವ ಮೈಕು ಹಿಡಿದು, “ಆಗೋದಿಲ್ಲ ಅಂತ ಎಲ್ಲಾರೂ ಅಂದ್ರು. ನಾ ಒಬ್ಬನ ಹಟಾ ಹಿಡದೆ. ನಮ್ಮವ್ವಗ ಕೊಟ್ಟ ಮಾತು ನಡಿಸಿದೆ” ಎಂದು ಕಣ್ಣು ಒರೆಸಿಕೊಂಡರು. ಜನವೂ ಕಣ್ಣು ಒರೆಸಿಕೊಂಡರು. ನನ್ನ ಪಕ್ಕದಲ್ಲಿದ್ದ ಮಹಿಮಾ ತಲೆ ತಗ್ಗಿಸಿದಳು. “ಹೀ ರಿಯಲಿ ಬಿಲೀವ್ಸ್ ಇಟ್, ಚಿಕ್ಕಮ್ಮ” ಅಂದಳು.

ಆಮೇಲೆ ವೇದಿಕೆಯ ನಡುವೆ ಕೆಂಪು ಬಟ್ಟೆ ಹೊದಿಸಿದ ಕುರ್ಚಿ ತಂದಿಟ್ಟರು. ಭಾವನನ್ನು ಅದರಲ್ಲಿ ಕೂಡಿಸಿದರು. ತಲೆಗೆ ಪೇಟ, ಹೆಗಲಿಗೆ ಶಾಲು, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ತಾಯಿಗೆ ಮಣ್ಣು ಹಾಕಿ ಬಂದ ದಿನ ಮಗನಿಗೆ ಸನ್ಮಾನ. ಅವರು ಬುಟ್ಟಿ ಹಿಡಿದುಕೊಂಡು ಕ್ಯಾಮೆರಾ ಕಡೆ ನೋಡಿದರು. ಆ ಕೈಗಳು ಸೇಬಿನ ಮೇಲಿದ್ದವು.

“ಈಗ ಸೊಸೆ ನಿಂಗವ್ವನವರು ಎರಡು ಮಾತು ಆಡ್ತಾರೆ” ಅಂದರು ಶ್ರೀನಾಥ್.

ಹೋದೆ. ಎಲ್ಲವನ್ನೂ ಹೇಳಬೇಕೆಂದುಕೊಂಡಿದ್ದೆ. ಮೈಕಿನ ಮುಂದೆ ನಿಂತರೆ ಅಷ್ಟು ಮಾತು ಬೇಡವಾಯಿತು. ಭಾವನ ಕಡೆ ತಿರುಗಿದೆ.

“ನಿಮ್ಮವ್ವ ಕುಂತಾಳ, ಭಾವಾರ. ಆತು, ಏಳಿನ್ನ.”

ಮೈಕಿನಲ್ಲಿ ಇಡೀ ಹಾಲ್‌ಗೆ ಕೇಳಿಸಿತು. ಹಿಂದಿನ ಸಾಲುಗಳಲ್ಲಿ ಕುರ್ಚಿಗಳು ಸದ್ದು ಮಾಡಿದವು. ಬೇಸ್‌ಮೆಂಟಿನ ಮಕ್ಕಳು ಅಲ್ಲೊಬ್ಬರು ಇಲ್ಲೊಬ್ಬರು ಟಣ್ಣನೆ ಎದ್ದು ನಿಂತಿದ್ದರು. ಅವರ ತಾಯಂದಿರು, “ಕೂತ್ಕೊ, ಕೂತ್ಕೊ, ವಿಡಿಯೊ ಆಗ್ತಿದೆ” ಎಂದು ಅಂಗಿ ಹಿಡಿದು ಕೆಳಗೆ ಎಳೆದರು.

ಭಾವ ಏಳಲಿಲ್ಲ. ಶಾಲು ಸರಿ ಮಾಡಿಕೊಂಡರು. ನಾನು ಏನೋ ದೊಡ್ಡ ಮಾತು ಹೇಳಿದೆ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಶ್ರೀನಾಥ್ ಮೈಕು ತೆಗೆದುಕೊಂಡು, ಊಟಕ್ಕೆ ಹೋಳಿಗೆಯಿದೆ, ಎಲ್ಲರೂ ಸಾಲಾಗಿ ಬನ್ನಿ ಎಂದರು.